ಯುಐ ಲೈಬ್ರರಿ ಆರಿಸುವ ಮುನ್ನ: ಡೆಮೊಗೆ ಮರುಳಾಗದೆ ಎರಡು ದಿನದಲ್ಲಿ ಪರೀಕ್ಷಿಸುವ ಕ್ರಮ

ಫೋನು ಬರುವುದು ಯಾವಾಗಲೂ ಮುಕ್ಕಾಲು ಕೆಲಸ ಮುಗಿದ ಮೇಲೆ. "ಸರ್, ಟೇಬಲ್ ಎಲ್ಲಾ ರೆಡಿ, ಮೊದಲನೇ ಕಾಲಂ ಅಲ್ಲಾಡದ ಹಾಗೆ ನಿಲ್ಲಿಸೋಕೆ ಹೋದ್ರೆ ದುಡ್ಡು ಕೊಡಿ ಅಂತಿದೆ." "ಕನ್ನಡದಲ್ಲಿ ಟೈಪ್ ಮಾಡಿದ್ರೆ ಲಿಸ್ಟಲ್ಲಿ ಹೆಸರೇ ಸಿಗಲ್ಲ ಸರ್." "ರಿಯಾಕ್ಟ್ ಹೊಸ ವರ್ಶನ್‌ಗೆ ಹೋದ್ವಿ, ಈಗ ಇನ್‌ಸ್ಟಾಲೇ ಆಗ್ತಿಲ್ಲ." ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಇಬ್ಬರು ಮೂವರು ಸೇರಿಕೊಂಡು ಅಡಿಕೆ ಮಂಡಿಗೆ, ಸೊಸೈಟಿಗೆ, ಹೋಂಸ್ಟೇಗೆ ಸಾಫ್ಟ್‌ವೇರ್ ಮಾಡಿಕೊಡುವವರಿಂದ ನನಗೆ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಇವೇ. ಎಲ್ಲದರ ಮೂಲ ಒಂದೇ: ಯುಐ ಲೈಬ್ರರಿ, ಅಂದರೆ ಬಟನ್, ಟೇಬಲ್, ಡ್ರಾಪ್‌ಡೌನ್ ಥರದ ತುಣುಕುಗಳನ್ನು (ಕಾಂಪೊನೆಂಟ್) ಸಿದ್ಧವಾಗಿ ಕೊಡುವ ಕೋಡಿನ ಕಂತೆಯನ್ನು ಪರೀಕ್ಷಿಸದೆ ಆರಿಸಿದ್ದು. ಎಷ್ಟು ಸಲ ಹೇಳಿದರೂ ಎಡವುವ ಜಾಗ ಅದೇ ಆಗಿರುವುದರಿಂದ ಕ್ರಮವಾಗಿ ಬರೆದಿಡುತ್ತಿದ್ದೇನೆ.

## ಮೊದಲು ಕ್ರಮದ ಮಾತು

ಎಡವುವುದು ಬುದ್ಧಿ ಸಾಲದೆ ಅಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿರುತ್ತಾರೆ, ಆದರೆ ಹಿಂದುಮುಂದಾಗಿ. ಮೊದಲು ಡೆಮೊ ಪುಟ ನೋಡಿ ಮನಸೋಲುತ್ತಾರೆ, ಆಮೇಲೆ ಇನ್‌ಸ್ಟಾಲ್ ಮಾಡುತ್ತಾರೆ, ನಾಲ್ಕು ಸ್ಕ್ರೀನ್ ಕಟ್ಟುತ್ತಾರೆ, ಕೊನೆಗೆ ಲೈಸೆನ್ಸ್ ಓದುತ್ತಾರೆ. ಮನಸೋತ ಮೇಲೆ ಕಣ್ಣಿಗೆ ಬಿದ್ದ ಪ್ರತಿ ದೋಷಕ್ಕೂ ನಾವೇ ಸಮಜಾಯಿಷಿ ಹುಡುಕಿಕೊಡುತ್ತೇವೆ.

ಐದು ನಿಮಿಷಕ್ಕೆ ಗೊತ್ತಾಗುವ, ಗೊತ್ತಾದರೆ ಅಲ್ಲಿಗೇ ಕೈಬಿಡಬೇಕಾದ ಸಂಗತಿ ಮೊದಲು ಬರಲಿ. ಅರ್ಧ ದಿನ ಬೇಡುವ ಪರೀಕ್ಷೆ ಆಮೇಲೆ. ಅಂದಚಂದ ಎಲ್ಲಕ್ಕಿಂತ ಕೊನೆಗೆ. ಒಂದು ಹಂತದಲ್ಲಿ ಬಿದ್ದ ಲೈಬ್ರರಿಯನ್ನು "ನೋಡೋಣ ಬಿಡು" ಎಂದು ಮುಂದಿನ ಹಂತಕ್ಕೆ ಒಯ್ಯಬೇಡಿ.

## ಬೇಕಾಗುವ ಸಾಮಾನು

ನಿಮ್ಮ ಪ್ರಾಜೆಕ್ಟಿನಲ್ಲಿರುವ ಆವೃತ್ತಿಯದೇ ಫ್ರೇಮ್‌ವರ್ಕ್ (ರಿಯಾಕ್ಟ್, ವ್ಯೂ ಥರದ, ಇಡೀ ಪ್ರಾಜೆಕ್ಟ್ ನಿಲ್ಲುವ ಬುನಾದಿ) ಹಾಕಿದ ಒಂದು ಖಾಲಿ ಪ್ರಾಜೆಕ್ಟ್. ಎರಡು ಮೂರು ಜಿಬಿ ರ್‍ಯಾಮ್ ಇರುವ ಹಳೆಯ ಆಂಡ್ರಾಯ್ಡ್ ಫೋನ್. ಮನೆಯಲ್ಲಿ ಅಮ್ಮನೋ ಚಿಕ್ಕಪ್ಪನೋ ಬಳಸಿ ಬಿಟ್ಟಿದ್ದು ಇದ್ದೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ. ವಿಂಡೋಸ್ ಆದರೆ ಪುಕ್ಕಟೆ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ (ಸ್ಕ್ರೀನಿನಲ್ಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ). ಒಂದು ಪ್ರಿಂಟರ್, ಯಾಕೆಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ ಮೂರು ನಾಲ್ಕು ಸಾವಿರ ಸಾಲಿನ ನಿಜವಾದ ಕನ್ನಡ ಡೇಟಾ. ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳಿ, ಆದರೆ ಉದ್ದ, ಒತ್ತಕ್ಷರ, ಕಾಗುಣಿತದ ಗಲೀಜು ಹಾಗೇ ಇರಲಿ. ಡೆಮೊಗೆಂದು ಕೂತು ಬರೆದ ಹತ್ತು ಸಾಲಿನ ಡೇಟಾದಲ್ಲಿ ಸೋಲುವ ಲೈಬ್ರರಿಯೇ ಇಲ್ಲ.

ಉದಾಹರಣೆಗೆ ಉದ್ದಕ್ಕೂ ಒಂದೇ ಸ್ಕ್ರೀನ್ ಇಟ್ಟುಕೊಳ್ಳುತ್ತೇನೆ: ಅಡಿಕೆ ಮಂಡಿಯ ಲಾಟ್ ಪಟ್ಟಿ. ರೈತರ ಹೆಸರು, ಊರು, ತಾಲ್ಲೂಕು, ಬಗೆ (ರಾಶಿ, ಬೆಟ್ಟೆ, ಸರಕು, ಗೊರಬಲು), ಚೀಲ, ತೂಕ, ಕ್ವಿಂಟಾಲ್ ದರ, ಒಟ್ಟು ಮೊತ್ತ.

## ಹಂತ 1: ಅತಿ ಕಷ್ಟದ ಸ್ಕ್ರೀನ್ ಯಾವುದೆಂದು ಬರೆಯಿರಿ

ಯಾವ ಲೈಬ್ರರಿಯ ಪುಟವನ್ನೂ ತೆರೆಯುವ ಮೊದಲು, ನಿಮ್ಮ ಕೆಲಸದಲ್ಲಿ ಬರುವ ಅತ್ಯಂತ ತಲೆನೋವಿನ ಸ್ಕ್ರೀನ್ ಒಂದನ್ನು ಕಾಗದದ ಮೇಲೆ ಬರೆಯಿರಿ. ಲಾಗಿನ್ ಪುಟ ಬೇಡ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಲಾಟ್ ಪಟ್ಟಿಯಾದರೆ ಹೀಗೆ: ಎರಡು ಸಾವಿರ ಸಾಲು, ಹೆಸರಿನ ಕಾಲಂ ಅಲ್ಲಾಡಬಾರದು, ದರವನ್ನು ಅಲ್ಲೇ ತಿದ್ದಬೇಕು, ತಾಲ್ಲೂಕುವಾರು ಒಟ್ಟು ಬರಬೇಕು, ಎಕ್ಸೆಲ್‌ಗೆ ಹೋಗಬೇಕು, ಪ್ರಿಂಟ್ ಆಗಬೇಕು, ಫೋನಿನಲ್ಲೂ ಓದಲು ಬರಬೇಕು.

ಪ್ರತಿಯೊಂದರ ಮುಂದೆ "ಇಲ್ಲದೆ ಆಗದು" ಅಥವಾ "ಇದ್ದರೆ ಒಳ್ಳೆಯದು" ಎಂದು ಗುರುತು ಹಾಕಿ. ಗ್ರಾಹಕರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹಾಕಿಸುವುದು ಕ್ಷೇಮ. ನಾವು ಮುಖ್ಯ ಅಂದುಕೊಂಡ ಬಣ್ಣದ ಚಾರ್ಟ್ ಅವರಿಗೆ ಬೇಕಾಗಿರುವುದಿಲ್ಲ. ನಾವು ಮರೆತ ಪ್ರಿಂಟ್ ಇಲ್ಲದೆ ಅವರಿಗೆ ಒಂದು ದಿನವೂ ನಡೆಯುವುದಿಲ್ಲ.

ಸಾಮಾನ್ಯ ತಪ್ಪು: "ನೂರು ಕಾಂಪೊನೆಂಟ್ ಇದೆ" ಎಂಬುದನ್ನು ಗುಣವೆಂದು ತಿಳಿಯುವುದು. ನಿಮಗೆ ಬೇಕಾಗುವುದು ಹನ್ನೆರಡೋ ಹದಿನೈದೋ. ಆ ಹದಿನೈದು ಗಟ್ಟಿಯಾಗಿವೆಯೇ ಎಂಬುದಷ್ಟೇ ಪ್ರಶ್ನೆ.

## ಹಂತ 2: ಲೈಸೆನ್ಸ್ ಮತ್ತು ದುಡ್ಡಿನ ಗೆರೆ

ಅರ್ಧ ಗಂಟೆ ಸಾಕು. ರಿಪಾಸಿಟರಿಯ (ಕೋಡ್ ಇಟ್ಟಿರುವ ಗಿಟ್‌ಹಬ್‌ನಂಥ ಜಾಗ) ಮೊದಲ ಪುಟದಲ್ಲಿ ಲೈಸೆನ್ಸ್ ಫೈಲ್ ತೆರೆದು ನೀವೇ ಓದಿ. ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಆದರೆ ಸಾಮಾನ್ಯವಾಗಿ ನಿರಾಳ. ಮೂಲ ಹಕ್ಕುಸ್ವಾಮ್ಯದ ಸಾಲನ್ನೂ ಲೈಸೆನ್ಸ್ ಪಠ್ಯವನ್ನೂ ಅಳಿಸದೆ ಉಳಿಸಿಕೊಳ್ಳಬೇಕು, ಮುಖ್ಯವಾಗಿ ಅಷ್ಟೆ. ಜಿಪಿಎಲ್, ಎಜಿಪಿಎಲ್ ಕಂಡರೆ ನಿಲ್ಲಿ; ಹಂಚಿದರೆ ನಿಮ್ಮ ಕೋಡನ್ನೂ ಮುಕ್ತವಾಗಿ ಕೊಡಿ ಎಂದು ಕೇಳಬಹುದಾದ ಲೈಸೆನ್ಸ್ ಅವು. "ನಮ್ಮದು ಸರ್ವರ್‌ನಲ್ಲಿ ಓಡುವ ಸಾಫ್ಟ್‌ವೇರ್, ಯಾರಿಗೂ ಹಂಚುತ್ತಿಲ್ಲವಲ್ಲ" ಎನ್ನುವ ಸಮಾಧಾನ ಯುಐ ಲೈಬ್ರರಿಗೆ ಒಪ್ಪುವುದಿಲ್ಲ, ಏಕೆಂದರೆ ಅದರ ಕೋಡ್ ಪ್ರತಿ ಬಳಕೆದಾರನ ಬ್ರೌಸರಿಗೆ ಹೋಗಿಯೇ ಹೋಗುತ್ತದೆ. ಲೈಸೆನ್ಸ್ ಫೈಲೇ ಇಲ್ಲದಿದ್ದರೆ ಮುಕ್ತವೆಂದು ಅರ್ಥವಲ್ಲ. ಎಲ್ಲ ಹಕ್ಕೂ ಬರೆದವನದೇ. ಮುಂದಕ್ಕೆ ಹೋಗಬೇಡಿ.

ಲೈಸೆನ್ಸ್ ಬದಲಾಗುವುದೂ ಉಂಟು. ರಿಯಾಕ್ಟ್ ಮೊದಲು ಬಿಎಸ್‌ಡಿ ಜೊತೆ ಪೇಟೆಂಟ್ ಷರತ್ತೊಂದನ್ನು ಅಂಟಿಸಿಕೊಂಡಿತ್ತು. ಗಲಾಟೆಯಾದ ಮೇಲೆ 2017ರ ಸೆಪ್ಟೆಂಬರ್‌ನಲ್ಲಿ ಎಂಐಟಿಗೆ ಬಂತು. ಅದು ಒಳ್ಳೆಯ ದಿಕ್ಕಿಗೆ ಆದ ಬದಲಾವಣೆ, ಎಲ್ಲವೂ ಹಾಗೆ ಆಗಬೇಕೆಂದಿಲ್ಲ. ಲೈಸೆನ್ಸ್ ಫೈಲಿನ ಇತಿಹಾಸವನ್ನು ಒಮ್ಮೆ ಒತ್ತಿ ನೋಡುವುದಕ್ಕೆ ಒಂದು ನಿಮಿಷ.

ಐಕಾನ್, ಫಾಂಟ್‌ಗಳ ಲೈಸೆನ್ಸ್ ಬೇರೆಯೇ ಇರಬಹುದು. ಫಾಂಟ್ ಆಸಮ್‌ನ ಉಚಿತ ಕಂತೆಯಲ್ಲೇ ಮೂರಿವೆ: ಐಕಾನ್‌ಗೆ ಒಂದು, ಫಾಂಟ್‌ಗೆ ಒಂದು, ಕೋಡ್‌ಗೆ ಒಂದು.

ಈಗ ದುಡ್ಡಿನ ಗೆರೆ. ಕರೆ ಮಾಡುವವರಲ್ಲಿ ಅರ್ಧದಷ್ಟು ಜನ ಬೀಳುವುದು ಇಲ್ಲಿಯೇ. ಲೈಬ್ರರಿ ಮುಕ್ತ, ಆದರೆ ಅದರ ದೊಡ್ಡ ಟೇಬಲ್‌ನ ಕೆಲವು ಸೌಲಭ್ಯ ಮಾತ್ರ ಹಣಕ್ಕೆ. ರಿಯಾಕ್ಟ್‌ಗಿರುವ ಟೇಬಲ್ ಲೈಬ್ರರಿ ಎಂಯುಐ ಎಕ್ಸ್ ಡೇಟಾ ಗ್ರಿಡ್‌ನ ಉಚಿತ ಆವೃತ್ತಿಯಲ್ಲಿ ಒಂದು ಪುಟಕ್ಕೆ ನೂರು ಸಾಲಿಗಿಂತ ಹೆಚ್ಚು ತೋರಿಸಲು ಬರುವುದಿಲ್ಲ. ಕಾಲಂ ನಿಲ್ಲಿಸುವುದು ಹಣದ ಪ್ರೊ ದರ್ಜೆಯಲ್ಲಿದೆ, ಎಕ್ಸೆಲ್ ಫೈಲ್ ಮಾಡುವುದು ಅದಕ್ಕೂ ಮೇಲಿನ ದರ್ಜೆಯಲ್ಲಿ. ಇನ್ನೊಂದು ಟೇಬಲ್ ಲೈಬ್ರರಿ ಎಜಿ ಗ್ರಿಡ್‌ನಲ್ಲಿ ಕಾಲಂ ನಿಲ್ಲಿಸುವುದು ಪುಕ್ಕಟೆ, ಸಾಲುಗಳನ್ನು ಗುಂಪು ಮಾಡುವುದು ಹಣದ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ. ಇದರಲ್ಲಿ ತಪ್ಪೇನಿಲ್ಲ, ಬರೆಯುವವರೂ ಊಟ ಮಾಡಬೇಕು. ತಪ್ಪು, ಗ್ರಾಹಕರಿಗೆ ಮೊತ್ತ ಹೇಳಿಯಾದ ಮೇಲೆ ಇದನ್ನು ಓದುವುದು. ಮೊದಲ ಹಂತದ ಕಾಗದದಲ್ಲಿ "ಇಲ್ಲದೆ ಆಗದು" ಎಂದು ಬರೆದ ಒಂದೊಂದನ್ನೂ ಅವರ ದರಪಟ್ಟಿಯ ಪುಟದಲ್ಲಿ ಹುಡುಕಿ, ಯಾವ ಬದಿಗಿದೆ ಎಂದು ಗುರುತಿಸಿ.

## ಹಂತ 3: ಲೈಬ್ರರಿಗೆ ಜೀವ ಇದೆಯೇ

ರಿಪಾಸಿಟರಿಗೆ ಮೆಚ್ಚುಗೆಯೆಂದು ಒತ್ತುವ ಸ್ಟಾರ್ ಎಣಿಸಬೇಡಿ. ಒಮ್ಮೆ ಒತ್ತಿದ ಸ್ಟಾರನ್ನು ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ವಾರದ ಡೌನ್‌ಲೋಡ್ ಸಂಖ್ಯೆಯಲ್ಲೂ ಯಂತ್ರಗಳು ಬಿಲ್ಡ್ ಮಾಡುವಾಗ (ಕೋಡನ್ನು ಓಡಿಸಲು ಸಿದ್ಧಗೊಳಿಸುವಾಗ) ಮತ್ತೆ ಮತ್ತೆ ಇಳಿಸಿಕೊಂಡದ್ದೇ ದಂಡಿಯಾಗಿ ಸೇರಿರುತ್ತದೆ.

ನೋಡಬೇಕಾದ್ದು ಮೂರು. ಒಂದು, ಕಳೆದ ಒಂದು ವರ್ಷದ ರಿಲೀಸ್‌ಗಳ ಚೇಂಜ್‌ಲಾಗ್ (ಏನೇನು ಬದಲಾಯಿತೆಂಬ ಪಟ್ಟಿ): ದೋಷ ತಿದ್ದುತ್ತಿದ್ದಾರೋ, ಬರೀ ಹೊಸ ಕಾಂಪೊನೆಂಟ್ ಸೇರಿಸುತ್ತಿದ್ದಾರೋ? ಎರಡು, ಕಾಂಟ್ರಿಬ್ಯೂಟರ್‌ಗಳ ಗ್ರಾಫ್: ಕಳೆದ ಆರು ತಿಂಗಳಲ್ಲಿ ಕೈಹಾಕಿದವರು ಎಷ್ಟು ಜನ? ಒಬ್ಬರೇ ಆಗಿದ್ದರೆ ಅವರಿಗೆ ಕೆಲಸ ಬದಲಾದರೂ, ಮಗು ಹುಟ್ಟಿದರೂ ನಿಮ್ಮ ಪ್ರಾಜೆಕ್ಟ್ ನಿಲ್ಲುತ್ತದೆ. ಮೂರು, ಮುಚ್ಚಿದ ಇಶ್ಯೂಗಳು (ಬಳಕೆದಾರರು ದಾಖಲಿಸಿದ ದೂರುಗಳು). ತೆರೆದಿರುವ ಇಶ್ಯೂ ಸಾವಿರ ಇದ್ದರೂ ಗಾಬರಿ ಬೇಡ, ದೊಡ್ಡ ಲೈಬ್ರರಿಗೆ ಇದ್ದೇ ಇರುತ್ತದೆ. ಮುಚ್ಚಿದ ಇಪ್ಪತ್ತನ್ನು ಓದಿ: ಮನುಷ್ಯರು ಉತ್ತರ ಕೊಟ್ಟು ತಿದ್ದಿ ಮುಚ್ಚಿದ್ದಾರೋ, ಅಥವಾ ಬಾಟ್ ಬಂದು "ಬಹಳ ದಿನದಿಂದ ಚಟುವಟಿಕೆ ಇಲ್ಲ" ಎಂದು ಬಾಗಿಲು ಹಾಕಿಕೊಂಡು ಹೋಗಿದೆಯೋ?

ಇಲ್ಲೊಂದು ಒಳದಾರಿ ಇದೆ. ಇಶ್ಯೂ ಹುಡುಕುವ ಡಬ್ಬಿಯಲ್ಲಿ "ಕನ್ನಡ" ಎಂದು ಹಾಕಿದರೆ ಏನೂ ಸಿಗಲಿಕ್ಕಿಲ್ಲ. "ಐಎಂಇ" ಎಂದೂ "ಕಾಂಪೊಸಿಷನ್" ಎಂದೂ ಇಂಗ್ಲಿಷಿನಲ್ಲಿ ಹಾಕಿ ನೋಡಿ; ಐಎಂಇ ಅಂದರೆ ಕೀಗಳನ್ನು ಸೇರಿಸಿ ಅಕ್ಷರ ಕಟ್ಟಿಕೊಡುವ ತಂತ್ರಾಂಶ, ಕಾಂಪೊಸಿಷನ್ ಅಂದರೆ ಹಾಗೆ ಕಟ್ಟುವ ಕ್ರಿಯೆ. ಜಪಾನಿ, ಚೀನೀ, ಕೊರಿಯನ್ ಬಳಕೆದಾರರು ನಮ್ಮ ಹಾಗೇ ಹಲವು ಕೀ ಒತ್ತಿ ಒಂದು ಅಕ್ಷರ ಕಟ್ಟುವವರು. ನಾವು ನಾಳೆ ಅನುಭವಿಸುವ ಕಷ್ಟವನ್ನು ಅವರು ಎಂದೋ ಬರೆದಿಟ್ಟಿರುತ್ತಾರೆ. ಆ ಇಶ್ಯೂಗಳಿಗೆ ಮೆಂಟೇನರ್‌ಗಳು (ಲೈಬ್ರರಿ ನೋಡಿಕೊಳ್ಳುವವರು) ಹೇಗೆ ನಡೆದುಕೊಂಡಿದ್ದಾರೆ ಎಂಬುದೇ ನಮ್ಮ ಭಾಷೆಗೆ ಸಿಗುವ ಮರ್ಯಾದೆಯ ಅಳತೆ.

ಅಪಾಯದ ಗುರುತು: ಕೊನೆಯ ಎರಡು ಮೇಜರ್ ಆವೃತ್ತಿಗಳ (ಹಳೆಯ ಕೋಡ್ ಮುರಿಯಬಹುದಾದಷ್ಟು ದೊಡ್ಡ ಬದಲಾವಣೆಯವು) ನಡುವೆ ವರ್ಷವೂ ಕಳೆದಿಲ್ಲ, ಹಳೆಯದಕ್ಕೆ ತಿದ್ದುಪಡಿ ನಿಂತಿದೆ, ಅಥವಾ "ಪೂರ್ತಿ ಹೊಸದಾಗಿ ಬರೆಯುತ್ತಿದ್ದೇವೆ" ಎಂಬ ಪ್ರಕಟಣೆ ಬಂದು ವರ್ಷ ದಾಟಿದೆ.

## ಹಂತ 4: ಖಾಲಿ ಪ್ರಾಜೆಕ್ಟಿನಲ್ಲಿ ಇಳಿಸಿ, ಹಿಂದೆ ಏನೇನು ಬಂತು ನೋಡಿ

ನಿಮ್ಮ ನಿಜವಾದ ಪ್ರಾಜೆಕ್ಟಿಗೆ ಇನ್ನೂ ಕೈ ಹಚ್ಚಬೇಡಿ. ಖಾಲಿ ಪ್ರಾಜೆಕ್ಟಿನಲ್ಲಿ, ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳು ಓಡದಂತೆ ತಡೆಯುವ ಆಯ್ಕೆ ಹಾಕಿ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಇಳಿಸುವ ಸಾಧನ) ಮೂಲಕ ಲೈಬ್ರರಿಯನ್ನು ಇನ್‌ಸ್ಟಾಲ್ ಮಾಡಿ. ಬಟನ್ನು, ಟೇಬಲ್ಲು ಕೊಡುವ ಲೈಬ್ರರಿಗೆ ನಿಮ್ಮ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಓಡಿಸುವ ಅಗತ್ಯ ಯಾಕೆ ಬಂತು ಎಂದು ಕೇಳಬೇಕಾದ್ದೇ.

ಎನ್‌ಪಿಎಂ 7ರಿಂದ ಈಚೆಗೆ, ಲೈಬ್ರರಿ ಕೇಳುವ ಫ್ರೇಮ್‌ವರ್ಕ್ ಆವೃತ್ತಿಗೂ ನಿಮ್ಮಲ್ಲಿರುವುದಕ್ಕೂ ಹೊಂದದಿದ್ದರೆ ಇನ್‌ಸ್ಟಾಲ್ ಅಲ್ಲೇ ನಿಲ್ಲುತ್ತದೆ. ಆಗ ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗುವ ಉಪಾಯ "ಲೆಗಸಿ ಪೀರ್ ಡೆಪ್ಸ್" ಎಂಬ ಆಯ್ಕೆ. ಹಾಕಿದ ಕೂಡಲೇ ಎಲ್ಲ ಸರಾಗ. ಅದು ಬೆಂಕಿಯ ಎಚ್ಚರಿಕೆ ಗಂಟೆಯ ತಂತಿ ಕಿತ್ತ ಹಾಗೆ. ಮೌಲ್ಯಮಾಪನದ ಹೊತ್ತಿನಲ್ಲೇ ಇದು ಬೇಕಾಯಿತೆಂದರೆ ಆ ಲೈಬ್ರರಿ ನಿಮ್ಮ ಆವೃತ್ತಿಗೆ ಇನ್ನೂ ಬಂದಿಲ್ಲ ಎಂದೇ ಬರೆದುಕೊಳ್ಳಿ.

ಆಮೇಲೆ ಎನ್‌ಪಿಎಂ ಎಲ್‌ಎಸ್ ಆಜ್ಞೆಯಿಂದ ಪ್ಯಾಕೇಜುಗಳ ಪೂರ್ತಿ ಮರ ತೆಗೆದು ಎಣಿಸಿ. ಒಂದು ಲೈಬ್ರರಿ ಕರೆದರೆ ಹಿಂದೆ ಎಷ್ಟು ಜನ ನೆಂಟರು ಬಂದರು? 2016ರ ಮಾರ್ಚ್‌ನಲ್ಲಿ ಬರೀ ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜನ್ನು ಬರೆದವನು ಎನ್‌ಪಿಎಂನಿಂದ ತೆಗೆದಾಗ ಲೋಕದ ತುಂಬ ಬಿಲ್ಡ್‌ಗಳು ಮುರಿದವು. 2022ರ ಜನವರಿಯಲ್ಲಿ ಕಲರ್ಸ್ ಮತ್ತು ಫೇಕರ್ ಪ್ಯಾಕೇಜುಗಳನ್ನು ಬರೆದವನೇ ಬೇಕೆಂದು ಕೆಡಿಸಿದ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್ ಮುಂತಾದವುಗಳ ಮೆಂಟೇನರ್ ಒಬ್ಬರು ನಕಲಿ ಇಮೇಲ್‌ಗೆ ಮೋಸಹೋಗಿ, ಅವರ ಖಾತೆಯಿಂದ ವಿಷ ಬೆರೆತ ಆವೃತ್ತಿಗಳು ಹೊರಬಿದ್ದವು. ಮೂರರಲ್ಲೂ ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಆ ಪ್ಯಾಕೇಜಿನ ಹೆಸರನ್ನೇ ಕೇಳಿರಲಿಲ್ಲ; ಅವು ಬಂದದ್ದು ಬೇರೆಯವರ ಬೆನ್ನಿಗೆ. ಅದಕ್ಕೇ ಲಾಕ್‌ಫೈಲನ್ನು (ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂಬ ಪಟ್ಟಿ) ಗಿಟ್‌ಗೆ ಸೇರಿಸಿ, ಸರ್ವರ್‌ನಲ್ಲಿ ಆ ಪಟ್ಟಿಯಂತೆಯೇ ಇಳಿಸುವ ಎನ್‌ಪಿಎಂ ಸಿಐ ಬಳಸಿ, ಇವತ್ತು ಬಂದ ಆವೃತ್ತಿಯನ್ನು ಇವತ್ತೇ ಹಾಕಬೇಡಿ. ನಾನು ಒಂದು ವಾರ ಬಿಡುತ್ತೇನೆ.

ಗೊತ್ತಿರುವ ಭದ್ರತಾ ದೋಷ ಹುಡುಕುವ ಎನ್‌ಪಿಎಂ ಆಡಿಟ್ ಕೂಡ ಓಡಿಸಿ, ಆದರೆ ಕೆಂಪು ಸಾಲು ಕಂಡ ಕೂಡಲೇ ಓಡಿಹೋಗಬೇಡಿ. ಬಿಲ್ಡ್ ಹೊತ್ತಿಗೆ ಮಾತ್ರ ಬೇಕಾದ ಪ್ಯಾಕೇಜಿನ ದೋಷಕ್ಕೂ ಬ್ರೌಸರಿಗೆ ಹೋಗುವ ಪ್ಯಾಕೇಜಿನ ದೋಷಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ನೆನಪಾಯಿತು. 2018ರ ಡಿಸೆಂಬರ್ 25ರಂದು ಆಂಟ್ ಡಿಸೈನ್ ಎಂಬ ಯುಐ ಲೈಬ್ರರಿ ಬಳಸಿದ್ದ ಎಷ್ಟೋ ಸೈಟ್‌ಗಳ ಬಟನ್ ಮೇಲೆ ತಾನಾಗಿ ಹಿಮ ಕೂತಿತ್ತು. ಕ್ರಿಸ್‌ಮಸ್ ತಮಾಷೆಗೆಂದು ಮೊದಲೇ ಕೋಡಿನೊಳಗೆ ಅಡಗಿಸಿಟ್ಟಿದ್ದರು, ಆಮೇಲೆ ಕ್ಷಮೆ ಕೇಳಿದರು. ಲೈಬ್ರರಿ ಇವತ್ತಿಗೂ ಒಳ್ಳೆಯದೇ. ಆದರೆ ಆವೃತ್ತಿ ಏರಿಸುವಾಗ ಎರಡರ ನಡುವಿನ ವ್ಯತ್ಯಾಸವನ್ನು ಕಣ್ಣಾಡಿಸುವ ಅಭ್ಯಾಸ ನನಗೆ ಹತ್ತಿದ್ದು ಆ ಸುದ್ದಿ ಓದಿದ ಮೇಲೆ.

## ಹಂತ 5: ಕನ್ನಡದ ಪರೀಕ್ಷೆ

ಇದಕ್ಕೆ ಅರ್ಧ ದಿನ ಮೀಸಲಿಡಿ. ಇಂಗ್ಲಿಷಿನ ಯಾವ ವಿಮರ್ಶೆಯೂ ಇದನ್ನು ನಿಮಗಾಗಿ ಮಾಡಿಕೊಡುವುದಿಲ್ಲ.

ಒತ್ತಕ್ಷರ ಕತ್ತರಿಸುತ್ತದೆಯೇ? ವರ್ಷಗಳ ಹಿಂದೆ ಮಂಡಿಯೊಂದಕ್ಕೆ ಲಾಟ್ ಪಟ್ಟಿ ಮಾಡಿಕೊಟ್ಟಿದ್ದೆ. ಸಾಲುಗಳು ಒತ್ತೊತ್ತಾಗಿ ಕೂತು ಚೆನ್ನಾಗಿ ಕಾಣುತ್ತಿತ್ತು. ಅಲ್ಲಿನ ಹಿರಿಯ ಗುಮಾಸ್ತರು ಕನ್ನಡಕ ಹಣೆಗೇರಿಸಿ, ಸ್ಕ್ರೀನಿಗೆ ಮೂಗು ತಾಗಿಸಿ ಕೇಳಿದರು: "ಇದೇನು ತಮ್ಮಾ, ಬೆಟೆ ಅಂತ ಬರ್ತಿದೆ? ನಮ್ಮಲ್ಲಿ ಬೆಟೆ ಅನ್ನೋ ಮಾಲೇ ಇಲ್ವಲ್ಲೋ ಮಾರಾಯ." ಲೈಬ್ರರಿಯ ಒತ್ತಾದ ಸಾಲಿನ ಎತ್ತರ ಇಂಗ್ಲಿಷಿಗೆ ಸರಿಹೋಗಿತ್ತು, ಬೆಟ್ಟೆಯ ಕೆಳಗಿನ ಟ ಒತ್ತು ಗೆರೆಯಾಚೆ ಹೋಗಿ ಮರೆಯಾಗಿತ್ತು. ಹದಿನೈದು ದಿನದಿಂದ ನಾನು ಅದನ್ನು ನೋಡುತ್ತಲೇ ಇದ್ದೆ, ಕಂಡಿರಲಿಲ್ಲ. ಬಟನ್, ಟ್ಯಾಬ್, ಡ್ರಾಪ್‌ಡೌನ್, ಟೇಬಲ್ ಕೋಶ, ಚಿಪ್ ಎಲ್ಲದರಲ್ಲೂ "ಬೆಟ್ಟೆ", "ತೀರ್ಥಹಳ್ಳಿ", "ರಾಷ್ಟ್ರೀಯ", "ಶ್ರೀಕೃಷ್ಣ" ಹಾಕಿ ನೋಡಿ. ವಿಂಡೋಸ್‌ನ ನಿರ್ಮಲ ಫಾಂಟ್‌ನಲ್ಲೂ ನೋಟೊ ಸ್ಯಾನ್ಸ್ ಕನ್ನಡದಲ್ಲೂ ಎರಡರಲ್ಲೂ ನೋಡಬೇಕು, ಎರಡರ ಎತ್ತರ ಬೇರೆ. ಸಾಲಿನ ಎತ್ತರವನ್ನು ಥೀಮ್‌ನ ಒಂದೇ ಜಾಗದಲ್ಲಿ ಅಕ್ಷರದ ಒಂದೂವರೆ ಪಟ್ಟಿಗಿಂತ ಹೆಚ್ಚಿಸಲು ಬಂದರೆ ಸರಿ. ಪ್ರತಿ ಕಾಂಪೊನೆಂಟ್‌ಗೂ ಬೇರೆ ಬೇರೆ ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕೆಂಬ ನಿಯಮ) ಬರೆದು, ಮೇಲೆ ಬೇರೆ ನಿಯಮಗಳನ್ನು ಮೀರಿಸುವ "ಇಂಪಾರ್ಟೆಂಟ್" ಜಡಿಯಬೇಕಾದರೆ ಅಂಕ ಕಡಿಮೆ ಮಾಡಿ.

ಅಕ್ಷರ ಎಣಿಕೆ. "ಶಿವಮೊಗ್ಗ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ಎಂಟು. "ತೀರ್ಥಹಳ್ಳಿ"ಯೂ ನಮಗೆ ನಾಲ್ಕು, ಅದಕ್ಕೆ ಹತ್ತು. "ಗರಿಷ್ಠ 20 ಅಕ್ಷರ" ಎಂದು ಮಿತಿ ಹಾಕಿದ ಡಬ್ಬಿಯಲ್ಲಿ ರೈತರ ಪೂರ್ತಿ ಹೆಸರು ಹಿಡಿಸದೆ ಹೋಗುವುದು ಇದರಿಂದಲೇ. ಉದ್ದ ಪಠ್ಯವನ್ನು ಮೊಟಕು ಮಾಡುವ ಕಾಂಪೊನೆಂಟ್ ಅದನ್ನು ಸಿಎಸ್‌ಎಸ್‌ನಿಂದ ಮಾಡುತ್ತಿದ್ದರೆ ತೊಂದರೆಯಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಏಳಕ್ಕೆ ಕತ್ತರಿಸಿದರೆ "ಶಿವಮೊಗ್" ಎಂದು ಬಾಯಿ ತೆರೆದು ನಿಲ್ಲುತ್ತದೆ.

ಹುಡುಕಿದರೆ ಸಿಗುತ್ತದೆಯೇ? "ಸೊ"ದ ಒಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಗುರುತು ಎರಡನ್ನೂ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳಿಂದ ಪರಿವರ್ತಿಸಿದ ಡೇಟಾದಲ್ಲಿ ಈ ಎರಡನೆಯ ಬಗೆ ನುಸುಳಿರುವುದನ್ನು ನಾನೇ ಕಂಡಿದ್ದೇನೆ. ನಮ್ಮ ಜಿಲ್ಲೆಯ ಏಳು ತಾಲ್ಲೂಕಿನಲ್ಲಿ ಶಿವಮೊಗ್ಗ, ಸೊರಬ, ಹೊಸನಗರ ಮೂರರಲ್ಲಿ ಈ ಒಕಾರ ಇದೆ; ತೀರ್ಥಹಳ್ಳಿಯ ದೀರ್ಘಕ್ಕೂ ಇದೇ ಕಥೆ. ಅಂದರೆ ಬರೀ ತಾಲ್ಲೂಕಿನ ಡ್ರಾಪ್‌ಡೌನ್ ಇಟ್ಟರೂ ಏಳರಲ್ಲಿ ನಾಲ್ಕು ಕೈಕೊಡಬಹುದು. ಎರಡೂ ಬಗೆಯಲ್ಲಿ ಡೇಟಾ ತುಂಬಿ ಹುಡುಕಿ ನೋಡಿ. ಲೈಬ್ರರಿ ತಾನಾಗಿ ಸರಿಮಾಡದಿದ್ದರೂ ಚಿಂತೆಯಿಲ್ಲ, ಹೋಲಿಸುವ ಫಂಕ್ಷನ್ನನ್ನು ನಾವೇ ಕೊಡಲು ಅವಕಾಶ ಇದ್ದರೆ ಸಾಕು. ಇಲ್ಲದಿದ್ದರೆ ಆ ಡ್ರಾಪ್‌ಡೌನ್ ನಮಗಲ್ಲ.

ಫೋನಿನ ಕೀಬೋರ್ಡ್. ಲ್ಯಾಪ್‌ಟಾಪಿನಲ್ಲಿ ಸರಿಯಿದ್ದ ಹುಡುಕಾಟ ಫೋನಿನಲ್ಲಿ ಸತ್ತಂತೆ ಕೂರುವುದುಂಟು. ಆಂಡ್ರಾಯ್ಡ್ ಕೀಬೋರ್ಡ್‌ಗಳು ಯಾವ ಕೀ ಒತ್ತಿದರೂ ಬ್ರೌಸರಿಗೆ 229 ಎಂಬ ಒಂದೇ ಸಂಖ್ಯೆ ಕಳಿಸುವುದು ಮಾಮೂಲು. ಕೀ ಸಂಖ್ಯೆ ನೋಡಿ ಕೆಲಸ ಮಾಡುವ ಕಾಂಪೊನೆಂಟ್ ಅಲ್ಲಿ ಕುರುಡಾಗುತ್ತದೆ. ಹಳೆಯ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿ, ಹೆಸರನ್ನು ಅರ್ಧ ಬರೆದು, ಎಂಟರ್ ಒತ್ತಿ, ಅಳಿಸಿ, ಮತ್ತೆ ಬರೆಯಿರಿ. ನಂಬರ್ ಡಬ್ಬಿಯಲ್ಲಿ ೪೮೦೦೦ ಎಂದು ಕನ್ನಡ ಅಂಕಿ ಒತ್ತಿ ನೋಡಿ. ಬ್ರೌಸರಿನ ನಂಬರ್ ಡಬ್ಬಿ ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಬಳಕೆದಾರರಿಗೆ ಏನಾಯಿತೆಂದು ತಿಳಿಯುವಂತೆ ಸಂದೇಶ ತೋರಿಸಲು ಲೈಬ್ರರಿಯಲ್ಲಿ ದಾರಿ ಇರಬೇಕು. ಮೊತ್ತ 12,34,567 ಎಂದು ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿ ಬರಬೇಕು, 1,234,567 ಎಂದಲ್ಲ.

ಪ್ರಿಂಟ್. ಸಾವಿರಾರು ಸಾಲನ್ನು ಸರಾಗವಾಗಿ ಉರುಳಿಸುವ ಟೇಬಲ್‌ಗಳು ಕಣ್ಣಿಗೆ ಕಾಣುವ ಇಪ್ಪತ್ತು ಮೂವತ್ತು ಸಾಲನ್ನು ಮಾತ್ರ ಪುಟದಲ್ಲಿ ಇಟ್ಟಿರುತ್ತವೆ. ಪ್ರಿಂಟ್ ಕೊಟ್ಟರೆ ಅಷ್ಟೇ ಬರುತ್ತದೆ. ಕಂಟ್ರೋಲ್ ಎಫ್ ಒತ್ತಿ ಹುಡುಕಿದರೂ ಅಷ್ಟರಲ್ಲೇ. ಟೆಂಡರ್ ಮುಗಿದ ಹೊತ್ತಿಗೆ ದಲಾಲರು ಪಟ್ಟಿ ಕೇಳಿದಾಗ ಇಪ್ಪತ್ತೆಂಟು ಸಾಲಿನ ಕಾಗದ ಹೊರಬಂದರೆ ನಿಮ್ಮ ಗತಿ ಯೋಚಿಸಿ. ಮೌಲ್ಯಮಾಪನದ ದಿನವೇ ಎರಡು ಸಾವಿರ ಸಾಲು ತುಂಬಿ ಪ್ರಿಂಟ್ ಒತ್ತಿ.

ದಿನಾಂಕದ ಕ್ಯಾಲೆಂಡರಿಗೆ ಕನ್ನಡ ಲೊಕೇಲ್ ಫೈಲ್ (ತಿಂಗಳು, ವಾರಗಳ ಕನ್ನಡ ಹೆಸರಿನ ಕಡತ) ಇದ್ದರೆ ಅದನ್ನು ತೆರೆದು ಓದಿ. ಫೈಲ್ ಇದೆ ಎಂದ ಮಾತ್ರಕ್ಕೆ ಪೂರ್ತಿ ಅನುವಾದ ಆಗಿದೆ ಎಂದಲ್ಲ.

## ಹಂತ 6: ಮೌಸ್ ಪಕ್ಕಕ್ಕಿಟ್ಟು ಒಂದು ಗಂಟೆ

ಮೌಸ್ ತಂತಿ ಕಿತ್ತುಬಿಡಿ. ಟ್ಯಾಬ್, ಬಾಣದ ಕೀ, ಎಂಟರ್, ಎಸ್ಕೇಪ್ ಇಷ್ಟರಿಂದಲೇ ಒಂದು ಲಾಟ್ ಸೇರಿಸಿ, ತಿದ್ದಿ, ಅಳಿಸಿ. ಎಲ್ಲಿದ್ದೀರಿ ಎಂಬ ಗುರುತು ಕಾಣುತ್ತಿರಬೇಕು. ಸಣ್ಣ ಕಿಟಕಿ ತೆರೆದಾಗ ಟ್ಯಾಬ್ ಅದರೊಳಗೇ ಸುತ್ತಬೇಕು, ಮುಚ್ಚಿದಾಗ ಮೊದಲಿದ್ದ ಬಟನ್‌ಗೇ ಹಿಂದಿರುಗಬೇಕು. ಇದು ಅಂಗವಿಕಲರಿಗೆ ಮಾತ್ರ ಎಂದುಕೊಳ್ಳಬೇಡಿ. ದಿನಕ್ಕೆ ನೂರಾರು ಲಾಟ್ ಹೊಡೆಯುವ ಗುಮಾಸ್ತರು ಮೌಸ್ ಮುಟ್ಟುವುದೇ ಇಲ್ಲ.

ಆಮೇಲೆ ಎನ್‌ವಿಡಿಎ, ಫೋನಿನಲ್ಲಿ ಅದೇ ಕೆಲಸದ ಟಾಕ್‌ಬ್ಯಾಕ್. ಕಣ್ಣು ಮುಚ್ಚಿ ಕೇಳಿ: ಡ್ರಾಪ್‌ಡೌನ್ ತೆರೆಯಿತೋ ಮುಚ್ಚಿತೋ ಎಂದು ಹೇಳುತ್ತದೆಯೇ? 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2ರ (ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾನದಂಡ) ಎಎ ದರ್ಜೆಗೆ ಒತ್ತುವ ಜಾಗ ಕನಿಷ್ಠ 24 ಇಂಟು 24 ಪಿಕ್ಸೆಲ್ ಇರಬೇಕು, ಸಾಮಾನ್ಯ ಪಠ್ಯಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1. ತೆಳು ಬೂದು ಬಣ್ಣದ ಅಕ್ಷರ ಡೆಮೊದಲ್ಲಿ ನಾಜೂಕು, ಮಂಡಿಯ ಬಾಗಿಲ ಬಿಸಿಲಲ್ಲಿ ಕಾಣುವುದೇ ಇಲ್ಲ.

## ಹಂತ 7: ತೂಕ, ಮಳೆಗಾಲದ ನೆಟ್‌ವರ್ಕ್‌ನಲ್ಲಿ

ಮೂರು ಸಲ ಬಿಲ್ಡ್ ಮಾಡಿ: ಲೈಬ್ರರಿ ಇಲ್ಲದೆ, ಒಂದೇ ಬಟನ್ ಹಾಕಿ, ಇಡೀ ಲಾಟ್ ಪಟ್ಟಿ ಹಾಕಿ. ಕುಗ್ಗಿಸಿದ ಗಾತ್ರ ಬರೆದುಕೊಳ್ಳಿ. ಎರಡನೆಯದೂ ಮೂರನೆಯದೂ ಹತ್ತಿರ ಹತ್ತಿರ ಇದ್ದರೆ, ಒಂದು ಬಟನ್ ಕೇಳಿದರೂ ಇಡೀ ಅಂಗಡಿ ಬರುತ್ತಿದೆ ಎಂದು ಅರ್ಥ. ನನ್ನ ಸ್ವಂತ ಗೆರೆ ಇಡೀ ಸ್ಕ್ರೀನಿಗೆ ಲೈಬ್ರರಿಯಿಂದ ಬರುವ ಪಾಲು 150 ಕೆಬಿ. ನಿಮ್ಮದು ಬೇರೆ ಇರಬಹುದು, ಆದರೆ ಅಳೆಯುವ ಮೊದಲೇ ಗೆರೆ ಎಳೆದಿರಿ.

ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕನ್ನೂ ಪ್ರೊಸೆಸರನ್ನೂ ನಿಧಾನ ಮಾಡಿ ನೋಡಬಹುದು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು ಎಂಬುದು ಗೂಗಲ್ ಇಟ್ಟ ಅಳತೆ. ಆದರೆ ಹಳೆಯ ಫೋನಿನಲ್ಲಿ ಒಮ್ಮೆ ನಿಜವಾಗಿ ನೋಡಿ. ಜುಲೈ ತಿಂಗಳಲ್ಲಿ ಆಗುಂಬೆಯ ಆಸುಪಾಸು, ಹೊಸನಗರದ ನಗರ ಹೋಬಳಿ ಕಡೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಕುಟುಕುಜೀವ ಹಿಡಿದಿರುವಾಗ ಒಂದು ಹೋಂಸ್ಟೇ ಬುಕಿಂಗ್ ಪುಟ ತೆರೆಯುವುದೇನೆಂದು ಡೆವ್‌ಟೂಲ್ಸ್‌ಗೆ ಗೊತ್ತಿಲ್ಲ.

ಅಪಾಯದ ಗುರುತು: ಫಾಂಟ್, ಐಕಾನ್ ಹೊರಗಿನ ಸರ್ವರ್‌ನಿಂದ ಬರುತ್ತಿದೆ. ಕೆಲವು ಐಕಾನ್ ಫಾಂಟ್‌ಗಳು ಇಂಗ್ಲಿಷ್ ಪದವನ್ನೇ ಚಿತ್ರವಾಗಿ ತೋರಿಸುವ ಬಗೆಯವು. ಫಾಂಟ್ ಇಳಿಯದಿದ್ದರೆ ಕಸದಬುಟ್ಟಿಯ ಚಿತ್ರದ ಜಾಗದಲ್ಲಿ ಇಂಗ್ಲಿಷಿನ ಡಿಲೀಟ್ ಪದವೇ ಬಂದು ಕೂತು ಸಾಲೆಲ್ಲ ಸೊಟ್ಟಗಾಗುತ್ತದೆ. ಐಕಾನ್‌ಗಳು ಎಸ್‌ವಿಜಿ ಚಿತ್ರಗಳಾಗಿ ನಿಮ್ಮ ಬಂಡಲ್‌ನಲ್ಲೇ (ಬ್ರೌಸರಿಗೆ ಹೋಗುವ ಕೋಡಿನ ಗಂಟು) ಬಂದರೆ ಈ ರಗಳೆ ಇಲ್ಲ.

## ಹಂತ 8: ಆವೃತ್ತಿ ಏರಿಸುವ ತಾಲೀಮು

ಬಹುತೇಕ ಯಾರೂ ಮಾಡದ ಪರೀಕ್ಷೆ ಇದು. ಖಾಲಿ ಪ್ರಾಜೆಕ್ಟಿನಲ್ಲಿ ಲೈಬ್ರರಿಯ ಹಿಂದಿನ ಮೇಜರ್ ಆವೃತ್ತಿ ಹಾಕಿ, ಲಾಟ್ ಪಟ್ಟಿಯ ಸಣ್ಣ ರೂಪ ಕಟ್ಟಿ, ಅವರ ಮಾರ್ಗಸೂಚಿ ಹಿಡಿದು ಈಗಿನದಕ್ಕೆ ಏರಿಸಿ. ಎಷ್ಟು ಹೊತ್ತಾಯಿತು? ಮಾರ್ಗಸೂಚಿಯಲ್ಲಿ ಇಲ್ಲದೆ ಮುರಿದದ್ದೆಷ್ಟು? ಎರಡು ಮೂರು ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ಪ್ರಾಜೆಕ್ಟಿನಲ್ಲಿ ಇದನ್ನೇ ಮಾಡಬೇಕಾಗುತ್ತದೆ.

ಫ್ರೇಮ್‌ವರ್ಕ್ ಕೂಡ ಸುಮ್ಮನೆ ಕೂರುವುದಿಲ್ಲ. ವ್ಯೂ 2ರ ಬೆಂಬಲ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ವ್ಯೂಟಿಫೈ 2 ಎಂಬ ಯುಐ ಲೈಬ್ರರಿ ಅದರ ಮೇಲೆ ನಿಂತದ್ದು, ವ್ಯೂ 3ಕ್ಕೆ ಹೋಗಬೇಕಾದರೆ ವ್ಯೂಟಿಫೈ 3ಕ್ಕೂ ಹೋಗಬೇಕು. ಎರಡು ಏರಿಕೆ ಒಟ್ಟಿಗೆ ಬಿದ್ದಾಗ ಸಣ್ಣ ತಂಡಗಳು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಹತ್ತಿರದಿಂದ ಕಂಡಿದ್ದೇನೆ.

## ಹಂತ 9: ನಡುವೆ ಒಂದು ಗೋಡೆ, ಒಂದು ಹಾಳೆ

ಇಲ್ಲಿಯವರೆಗೆ ಉಳಿದದ್ದು ಒಂದೋ ಎರಡೋ ಲೈಬ್ರರಿ. ಈಗ ಬೇಕಾದರೆ ಅಂದಚಂದ ನೋಡಿ ಆರಿಸಿ.

ಪ್ರಾಜೆಕ್ಟಿಗೆ ತರುವಾಗ ಎಲ್ಲ ಫೈಲುಗಳಿಂದಲೂ ನೇರವಾಗಿ ಲೈಬ್ರರಿಯನ್ನು ಕರೆಯಬೇಡಿ. ಒಂದು ಫೋಲ್ಡರ್ ಮಾಡಿ, ಅದರಲ್ಲಿ ನಿಮ್ಮದೇ ಬಟನ್, ನಿಮ್ಮದೇ ಟೇಬಲ್, ನಿಮ್ಮದೇ ದಿನಾಂಕದ ಡಬ್ಬಿ. ಅವು ಒಳಗೆ ಲೈಬ್ರರಿಯನ್ನು ಕರೆಯಲಿ. ಹೊರಗಿನವರಿಗೆಲ್ಲ ನಿಮ್ಮ ಹೆಸರು ಮಾತ್ರ ಗೊತ್ತಿರಲಿ. ಬೇರೆಡೆ ನೇರವಾಗಿ ಕರೆದರೆ ಇಎಸ್‌ಲಿಂಟ್ (ಕೋಡ್ ತಪಾಸಣೆಯ ಸಾಧನ) ತಡೆಯುವಂತೆ ನಿಯಮ ಹಾಕಿ, ಇಲ್ಲದಿದ್ದರೆ ಡೆಡ್‌ಲೈನ್ ರಾತ್ರಿ ಯಾರಾದರೂ ಮುರಿದೇ ಮುರಿಯುತ್ತಾರೆ. ಲೈಬ್ರರಿಯ ನೂರು ಆಯ್ಕೆಯನ್ನೂ ನಿಮ್ಮ ಕಾಂಪೊನೆಂಟ್‌ನಿಂದ ಹಾಯಿಸಲು ಹೋಗಬೇಡಿ. ಅದು ಗೋಡೆಯಲ್ಲ, ಕಿಟಕಿ.

ಹಾಳೆಯಲ್ಲಿ ಬರೆಯಬೇಕಾದ್ದು: ಯಾವ ಆವೃತ್ತಿ, ಯಾವ ದಿನ, ಯಾವ ಪರೀಕ್ಷೆಯಲ್ಲಿ ಏನಾಯಿತು, ಗೊತ್ತಿದ್ದೂ ಒಪ್ಪಿಕೊಂಡ ಕೊರತೆ ಯಾವುದು, ಏನಾದರೆ ಬಿಟ್ಟು ಹೊರಡುತ್ತೇವೆ. ರಿಪಾಸಿಟರಿಯೊಳಗೇ ಇಡಿ. ನಮ್ಮಲ್ಲಿ ಏಪ್ರಿಲ್ ಮೇನಲ್ಲಿ ಹೆಂಚು ಕೈಯಾಡಿಸುವ ಹೊತ್ತಿಗೆ ಈ ಹಾಳೆಯನ್ನೂ ತೆಗೆದು, ಮೂರನೇ ಹಂತವನ್ನು ಇನ್ನೊಮ್ಮೆ ಮಾಡುತ್ತೇವೆ.

## ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ಎಲ್ಲವನ್ನೂ ಕಿತ್ತು ಹೊಸ ಲೈಬ್ರರಿಗೆ ಹಾರಬೇಡಿ. ಮೊದಲು ಒಂಬತ್ತನೇ ಹಂತದ ಗೋಡೆಯನ್ನು ಈಗಿರುವ ಲೈಬ್ರರಿಯ ಮುಂದೆಯೇ ಕಟ್ಟಿ, ಬಳಕೆದಾರರಿಗೆ ಒಂದು ಪಿಕ್ಸೆಲ್ಲೂ ಬದಲಾಗದ ಹಾಗೆ. ಆಮೇಲೆ ಅತಿ ಹೆಚ್ಚು ದೂರು ಬರುವ ಕಾಂಪೊನೆಂಟ್ ಒಂದನ್ನು ಮಾತ್ರ ಬದಲಾಯಿಸಿ. ಹೆಚ್ಚಿನ ಕಡೆ ಅದು ಟೇಬಲ್ ಅಥವಾ ಹುಡುಕುವ ಡ್ರಾಪ್‌ಡೌನ್. ಎರಡು ಲೈಬ್ರರಿ ಒಟ್ಟಿಗಿದ್ದಷ್ಟು ದಿನ ಬಂಡಲ್ ದಪ್ಪವಿರುತ್ತದೆ, ಅದನ್ನು ಗ್ರಾಹಕರಿಗೆ ಮೊದಲೇ ಹೇಳಿಬಿಡಿ. ಕೊಯ್ಲಿನ ಕಾಲದಲ್ಲಿ, ಅಂದರೆ ಮಂಡಿಯಲ್ಲಿ ಲಾಟ್ ರಾಶಿ ಬೀಳುವ ತಿಂಗಳುಗಳಲ್ಲಿ, ಈ ಕೆಲಸಕ್ಕೆ ಕೈ ಹಾಕಬೇಡಿ; ಮಳೆಗಾಲದಲ್ಲಿ ಮಾಡಿ ಮುಗಿಸಿ, ಗುಮಾಸ್ತರನ್ನು ಕೂರಿಸಿ ಒಂದು ವಾರ ಹಳೆಯದು ಹೊಸದು ಎರಡನ್ನೂ ಓಡಿಸಿ ನೋಡಿ.